ಸೂಜಿ ಚುಚ್ಚಿದ ಬೊಂಬೆ

ಯಾವಾಗ ನೋಡಿದರೂ ಅವರು ತುಟಿಯ ಎಡಗಡೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಹಾಗಾಗಿ ಮಾತೆಲ್ಲ ಬಾಯಿಯ ಬಲಗಡೆಯಿಂದಲೇ ಬರುತ್ತಿತ್ತು. ನಲವತ್ತು ವರ್ಷ ಹಾಗೆ ಮಾತಾಡಿ ಮಾತಾಡಿ, ಸೂಜಿ ಇಲ್ಲದಾಗಲೂ ಅವರ ಬಾಯಿ ಬಲಕ್ಕೇ ಸೊಟ್ಟಗಾಗುತ್ತಿತ್ತು. ಹೊಸದಾಗಿ ನೋಡಿದವರಿಗೆ ಈಯಮ್ಮ ನಮ್ಮನ್ನು ಅಣಕಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಸುಳ್ಳೇನಲ್ಲ, ಅರ್ಧ ಸಲ ಅಣಕಿಸುತ್ತಲೇ ಇರುತ್ತಿದ್ದರು.

ಊರಿಗೆಲ್ಲ ಅವರು ಹೊಲಿಗೆಯಮ್ಮ. ಆನೇಮಹಲ್ ದಾಟಿ ಹೈವೇ ಬಿಟ್ಟು ಎಸ್ಟೇಟ್ ರಸ್ತೆಗೆ ತಿರುಗಿದರೆ ಎರಡನೇ ತಿರುವಿನಲ್ಲಿ ಅವರ ಮನೆ. ಮುಂದೆ ಉದ್ದಕ್ಕೆ ಒಂದು ಜಗಲಿ, ಜಗಲಿಯಲ್ಲಿ ಕಾಲಿನಿಂದ ತುಳಿಯುವ ಹಳೇ ಮಿಷನ್ನು. ಅಲ್ಲಿಂದ ಮುಂದಕ್ಕೆ ಹೋದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳು, ನಾವೆಲ್ಲ ಲೈನ್ ಅನ್ನುತ್ತೇವೆ. ಆ ಲೈನಿನ ಪಕ್ಕದ ಅಂಗನವಾಡಿಯಲ್ಲಿ ನಾನು ಟೀಚರ್. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದೇನೆ. ನನ್ನ ಮಕ್ಕಳಲ್ಲಿ ಮುಕ್ಕಾಲು ಪಾಲು ಲೈನಿನವು. ಅಪ್ಪ ಅಮ್ಮ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಬಿಟ್ಟು ಹೋದರೆ ಸಂಜೆವರೆಗೆ ನನ್ನ ಕೊರಳಿಗೇ ಜೋತುಬಿದ್ದಿರುತ್ತವೆ.

ಹೊಲಿಗೆಯಮ್ಮನ ಪರಿಚಯವಾದದ್ದು ಒಂದು ಪ್ಲಾಸ್ಟಿಕ್ ಬೊಂಬೆಯ ದೆಸೆಯಿಂದ. ಯಾರೋ ಪುಣ್ಯಾತ್ಮರು ಅಂಗನವಾಡಿಗೆ ಕೊಟ್ಟಿದ್ದರು. ಎರಡನೇ ವಾರಕ್ಕೆ ಅದರ ತಲೆ ಕಿತ್ತುಬಂತು. ಒಂದು ಮಗು ತಲೆ ಎತ್ತಿಕೊಂಡು ಓಡುವುದು, ಇನ್ನೊಂದು ಮುಂಡ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುವುದು, ದಿನವೆಲ್ಲ ಇದೇ ರಂಪ. ತಲೆ ಒಂದು ಕೈಯಲ್ಲಿ, ಮುಂಡ ಒಂದು ಕೈಯಲ್ಲಿ ಹಿಡಿದುಕೊಂಡು ಅವರ ಜಗಲಿ ಹತ್ತಿದೆ. ಕತ್ತಿಗೆ ಏನಾದರೂ ಹೊಲಿಗೆ ಹಾಕಿಕೊಡಿ ಅಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನೂ ಅದನ್ನೂ ನೋಡಿದರು.

"ಪ್ಲಾಸ್ಟಿಕ್ಕಿಗೆ ಹೊಲಿಗೆ ಹಾಕಕ್ಕೆ ನಾನೇನು ಡಾಕ್ಟ್ರಾ? ಆಚೆ ಬಿಸಾಕಿ ಅದನ್ನ. ಮಕ್ಳು ತಬ್ಬಿಕಳೋವಂಥದ್ದು ನಾನು ಮಾಡ್ಕೊಡ್ತೀನಿ."

"ನೀವು ಬೊಂಬೆ ಮಾಡ್ತೀರಾ?"

"ಮತ್ತೆ? ಬ್ಲೌಸು ಹೊಲಿಯೋದು ಹೊಟ್ಟೆಗೆ. ಇದು ನಂಗೆ."

ಒಳಗೆ ಕರೆದುಕೊಂಡು ಹೋಗಿ ಹಳೇ ಟ್ರಂಕಿನ ಮುಚ್ಚಳ ತೆಗೆದರು. ಅಯ್ಯೋ ದೇವರೇ, ಆ ಟ್ರಂಕು ತುಂಬ ಜನ! ಉದ್ದ ಲಂಗದ ಹುಡುಗಿಯರು, ಕುಪ್ಪಸದ ಮುದುಕಿಯರು, ತಲೆಗೆ ಟವೆಲ್ ಸುತ್ತಿದ ಗಂಡಸರು. ಈಗಿನ ಅಂಗಡಿ ಬೊಂಬೆಯ ಹಾಗೆ ಕಣ್ಣು ಪಿಳಿಪಿಳಿ ಅನ್ನುವುದಿಲ್ಲ, ಹಾಡು ಹೇಳುವುದಿಲ್ಲ. ಹಳೇ ಕಾಲದ ಬೊಂಬೆ. ಕೈಕಾಲಿನ ಸಂದಿಗೆ ಗುಂಡಿ ಇಟ್ಟು ಹೊಲಿದಿದ್ದರಿಂದ ಕೈ ಎತ್ತಿದರೆ ಏಳುತ್ತದೆ, ಕೂರಿಸಿದರೆ ಕೂರುತ್ತದೆ. ಮೂಗು ಬಾಯಿ ಎಲ್ಲ ದಾರದ್ದೇ. ಒಂದೊಂದರ ಮುಖವೂ ಎಲ್ಲೋ ನೋಡಿದ ಹಾಗಿತ್ತು.

ಅವರು ಇದನ್ನು ಯಾರ ಹತ್ತಿರವೂ ಕೂತು ಕಲಿತವರಲ್ಲ. ಚಿಕ್ಕಂದಿನಲ್ಲಿ ಅವರ ತಾಯಿ ದೋಣಿಗಲ್ ಕಡೆಯ ಯಾವುದೋ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಅಲ್ಲಿಂದ ಒಂದು ಕಾಲಿಲ್ಲದ ಬಟ್ಟೆ ಬೊಂಬೆಯನ್ನು ಮಗಳಿಗೆ ತಂದುಕೊಟ್ಟರು. ಮಗಳು ಆಡಲಿಲ್ಲ. ಬ್ಲೇಡು ತಗೊಂಡು ಹೊಲಿಗೆಯೆಲ್ಲ ಬಿಚ್ಚಿ, ತುಂಡು ತುಂಡು ಮಾಡಿ ನೆಲದ ಮೇಲೆ ಹರಡಿಕೊಂಡು ಕೂತಿತು. ತಾಯಿ ಸೌದೆ ತಗೊಂಡು ಬಾರಿಸಿದರು. ಹೊಡೆತ ತಿಂದ ಮೇಲೆ ಮಗಳು ಅದನ್ನು ವಾಪಸ್ ಹೊಲಿದು, ಇಲ್ಲದ ಕಾಲನ್ನೂ ಸೇರಿಸಿ ಎದುರಿಗೆ ತಂದಿಟ್ಟಿತು.

"ಬಿಚ್ಚಿ ನೋಡ್ದೆ ಇದ್ರೆ ಒಳಗೇನೈತೆ ಅಂತ ಹೆಂಗೆ ಗೊತ್ತಾಗುತ್ತೆ ಟೀಚ್ರೇ? ಏಟು ಬಿದ್ದಿದ್ದು ಬಿತ್ತು, ಕೆಲ್ಸ ಬಂತಲ್ಲ" ಅನ್ನುತ್ತಿದ್ದರು. ಹೇಳುವಾಗ ಇವತ್ತೇ ಏಟು ತಿಂದು ಗೆದ್ದು ಬಂದವರ ಠೀವಿ.

ಅವರ ಕೆಲಸದ ಕ್ರಮ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಮೈಗೆ ಹಳೇ ಪಂಚೆ ಬಟ್ಟೆಯೇ ಆಗಬೇಕು, ನೂರು ಸಲ ಒಗೆದು ಮೆತ್ತಗಾಗಿರಬೇಕು. ಆ ಬಿಳೀ ಬಟ್ಟೆಗೆ ಮೈಬಣ್ಣ ಬರಿಸುವುದಕ್ಕೆ ಕಾಫಿ. ಗಟ್ಟಿ ಡಿಕಾಕ್ಷನ್ನಿಗೆ ಒಂದು ಹಿಡಿ ಉಪ್ಪು ಹಾಕಿ ಬೋಗುಣಿಯಲ್ಲಿ ಬಟ್ಟೆ ಅದ್ದುತ್ತಿದ್ದರು. ಒಂದು ಸಲ ಅದ್ದಿದರೆ ಗೋಧಿ ಬಣ್ಣ, ಮೂರು ಸಲ ಅದ್ದಿದರೆ ನನ್ನ ಬಣ್ಣ. ಒಳಗೆ ತುಂಬುವುದಕ್ಕೆ ಬೂರುಗದ ಹತ್ತಿ. ಬೇಸಿಗೆಯಲ್ಲಿ ತೋಟದ ಬೂರುಗದ ಮರದ ಕೆಳಗೆ ಹೋಗಿ ಸೆರಗು ತುಂಬ ಆಯ್ದು ತಂದು, ಬೀಜ ಬಿಡಿಸಿ, ಸೌಟಿನ ಹಿಡಿಯಿಂದ ಬೆರಳು ಬೆರಳಿಗೂ ತುರುಕುತ್ತಿದ್ದರು. ಮಿಷನ್ನು ಪಕ್ಕದಲ್ಲೇ ಇದ್ದರೂ ಬೊಂಬೆಯ ಮೈಗೆ ಮಾತ್ರ ಕೈಹೊಲಿಗೆ. ಕೊನೆಗೆ ಪರೀಕ್ಷೆ. ಕತ್ತು ಹಿಡಿದು ಕೋಳಿ ಝಾಡಿಸಿದ ಹಾಗೆ ಝಾಡಿಸಿ, ಗೋಡೆಗೆ ಎತ್ತಿ ಒಗೆಯುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕಿಟಾರನೆ ಕಿರುಚಿದ್ದೆ.

"ನಿಮ್ಮ ಮಕ್ಳು ಇದಕ್ಕಿಂತ ಮೆತ್ತಗೆ ಆಡ್ತವಾ?" ಅಂದರು.

ಆಡುವುದಿಲ್ಲ. ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಸುವುದರಲ್ಲಿ ಅವರು ನಿಸ್ಸೀಮರು. ಒಂದು ಸಲ ಹತ್ತಿರದ ಹೋಂಸ್ಟೇಯ ಒಡತಿ ಕಾರಿನಲ್ಲಿ ಬಂದರು. ಬಂದ ಗೆಸ್ಟುಗಳಿಗೆಲ್ಲ ಈ ಹಳೇ ಮಾದರಿಯ ಬೊಂಬೆ ಬಹಳ ಇಷ್ಟವಂತೆ, ಒಂದು ಡಜನ್ ಬೇಕಂತೆ, ಆದರೆ ಮೈ ಸ್ವಲ್ಪ ಬೆಳ್ಳಗೆ ಮಾಡಿಕೊಡಬೇಕಂತೆ.

ಹೊಲಿಗೆಯಮ್ಮ ತುಟಿಯ ಸೂಜಿ ತೆಗೆದು ಮಿಷನ್ ಮೇಲಿಟ್ಟರು. ಸೂಜಿ ತೆಗೆದಿಟ್ಟರೆಂದರೆ ಗ್ರಹಚಾರ ಬಿಡಿಸುತ್ತಾರೆ ಅಂತಲೇ ಲೆಕ್ಕ.

"ಈ ರಸ್ತೇಲಿ ಬೆಳ್ಳಗಿರೋರು ಯಾರವ್ರೆ ತೋರಿಸವ್ವ, ಕೂರಿಸ್ಕಂಡು ಅಳತೆ ತಗೋತೀನಿ. ನಾನು ಕಾಣ್ದಿರೋ ಮಕ ನನ್ನ ಕೈಗೆ ಬರಲ್ಲ."

ಆಕೆ ಕಾರು ಹತ್ತಿ ಹೋದರು. ಮುಂದಿನ ವಾರ ವಾಪಸ್ ಬಂದು ಕಪ್ಪು ಬೊಂಬೆಗಳನ್ನೇ ತಗೊಂಡು ಹೋದರು.

ಹಣೆ ತುಂಬ ವಿಭೂತಿ, ಬೆಳಿಗ್ಗೆ ಪೂಜೆ ಮುಗಿಯದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಲೂರಿನ ಕಡೆ ಅಣ್ಣನ ಮಗನೊಬ್ಬ ಇದ್ದ, ವರ್ಷಕ್ಕೊಂದು ಸಲ ಮುಖ ತೋರಿಸುತ್ತಿದ್ದ. ಇಷ್ಟು ಅವರ ಸಂಸಾರ.

ನಾನು ಅಂಗನವಾಡಿಗೆ ಆರು ಬೊಂಬೆ ಹೇಳಿದೆ. ಮಕ್ಕಳ ದಿನಾಚರಣೆ ಹತ್ತಿರ ಬರುತ್ತಿತ್ತು, ಊರಿನ ನಾಲ್ಕು ಜನರ ಮುಂದೆ ಮಕ್ಕಳ ಕೈಗೆ ಕೊಡಿಸಬೇಕು ಅಂತ ನನಗೊಂದು ಹುಚ್ಚು ಹುಮ್ಮಸ್ಸು. ದಿನಾ ಸಂಜೆ ಹೋಗಿ ಆಯ್ತಾ ಆಯ್ತಾ ಅಂತ ಪ್ರಾಣ ತಿನ್ನುತ್ತಿದ್ದೆ. ಐದು ಮುಗಿದಿದ್ದವು. ಆರನೆಯದಕ್ಕೆ ಇನ್ನೂ ಕಣ್ಣಿಲ್ಲ, ತಲೆಗೆ ಕಪ್ಪು ಉಲ್ಲನ್ ದಾರದ ಕೂದಲು ಅರ್ಧ ಕೂತಿತ್ತು, ಲಂಗದ ಬಟ್ಟೆಯನ್ನು ಮೈಗೆ ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ್ದರು.

"ಲಂಗ ನಾನೇ ಹೊಲಿತೀನಿ ಕೊಡಿ. ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ, ಕಣ್ಣು ನೀವು ಹಾಕಿ" ಅಂದೆ.

"ಆಗಲ್ಲ. ಸೂಜಿ ಚುಚ್ಚಿರೋ ಬೊಂಬೆ ನನ್ನ ಹೊಸ್ತಿಲು ದಾಟಕೂಡ್ದು. ಇದುವರೆಗೂ ದಾಟಿಲ್ಲ."

"ಅಯ್ಯೋ, ನನಗೇನು ಹೊಲಿಗೆ ಬರಲ್ವಾ? ನಾನೇನು ಮಗೂನಾ?"

"ಮಗು ಕೈಗೆ ಸಿಕ್ಕಿಬಿಟ್ರೆ ಏನ್ ಮಾಡ್ತೀರಿ?"

ನಾನು ಬಿಡಲಿಲ್ಲ. ನನ್ನದು ಹಟದ ಸ್ವಭಾವ, ಅದಕ್ಕೆ ಮನೆಯಲ್ಲೂ ಬೈಸಿಕೊಳ್ಳುತ್ತೇನೆ. ಹತ್ತು ನಿಮಿಷ ವಾದ ಮಾಡಿದೆ. ಅವರ ಕಣ್ಣೂ ಅಂದು ಸ್ವಲ್ಪ ಉರಿಯುತ್ತಿತ್ತು, ಸುಸ್ತಾಗಿದ್ದರು. ಕೊನೆಗೆ ಸೂಜಿಗಳನ್ನು ಒಂದೊಂದೇ ಮುಟ್ಟಿ ಎಣಿಸಿ ಕೈಗೆ ಕೊಟ್ಟರು.

"ಹನ್ನೊಂದು ಐತೆ. ಹನ್ನೊಂದೂ ವಾಪಸ್ ಬರ್ಬೇಕು ನೋಡಿ."

ಬೊಂಬೆಯನ್ನು ಕೈಚೀಲದಲ್ಲಿ ಮೇಲುಮೇಲಕ್ಕೇ ಇಟ್ಟುಕೊಂಡು ಹೊರಟೆ. ನನ್ನ ಮನೆ ಲೈನಿನ ಆಚೆ. ಅಲ್ಲಿಗೆ ಹೋಗುವ ಹಾದಿಯಲ್ಲಿ ಮೂರು ದಾರಿ ಕೂಡುವ ಜಾಗವೊಂದಿದೆ. ಒಂದು ಲೈನಿಗೆ, ಒಂದು ಎಸ್ಟೇಟಿನ ಸ್ಟೋರಿಗೆ, ಒಂದು ತೋಟದೊಳಕ್ಕೆ. ಅಲ್ಲಿಗೆ ಬರುವಷ್ಟರಲ್ಲಿ ಫೋನು ಟುಂಯ್ ಅಂತು. ನಮ್ಮ ಕಡೆ ಆನೆ ಎಲ್ಲಿದೆ ಅಂತ ತಿಳಿಸಲು ವಾಟ್ಸಾಪಿನಲ್ಲಿ ಒಂದು ಗುಂಪು ಇದೆ. ‘ಸ್ಟೋರ್ ಹಿಂದೆ ಎರಡು ಆನೆ, ಯಾರೂ ಬರಬೇಡಿ’ ಅಂತ ಮೆಸೇಜು. ಸ್ಟೋರು ಅಲ್ಲಿಂದ ಒಂದು ಕೂಗಿನಷ್ಟು ದೂರ. ಅದೇ ಹೊತ್ತಿಗೆ ಆ ಕಡೆ ಏನೋ ಕೊಂಬೆ ಮುರಿದ ಸದ್ದು. ಚಪ್ಪಲಿ ಕೈಲಿ ಹಿಡಿದುಕೊಂಡು ಓಡಿದವಳು ಮನೆ ಬಾಗಿಲು ಹಾಕಿಕೊಂಡ ಮೇಲೇ ಉಸಿರು ಬಿಟ್ಟಿದ್ದು. ಚೀಲ ನೋಡಿದರೆ ಬೊಂಬೆ ಇಲ್ಲ.

ಬೆಳಿಗ್ಗೆ ಬೇಗ ಎದ್ದು ಹುಡುಕಿಕೊಂಡು ಬಂದರಾಯಿತು ಅಂದುಕೊಂಡೆ. ಆದರೆ ಕಾಫಿ ಹಣ್ಣು ಕೊಯ್ಲಿನ ಕಾಲ. ಕೊಯ್ಲಿಗೆ ಹೋಗುವ ಹೆಂಗಸರು ನನಗಿಂತ ಬೇಗ ಎದ್ದಿದ್ದರು.

ಸ್ಟೌ ಮೇಲೆ ಹಾಲಿಟ್ಟಿದ್ದೆ, ಮತ್ತೆ ಟುಂಯ್ ಅಂತು. ಆನೆ ಗುಂಪಿನಲ್ಲಿ ಈ ಸಲ ಆನೆ ಇರಲಿಲ್ಲ. ಬೊಂಬೆಯ ಫೋಟೋ ಇತ್ತು. ಮೂರು ದಾರಿ ಕೂಡುವ ಜಾಗ, ನಡುವೆ ಅಂಗಾತ ಬಿದ್ದ ಕಣ್ಣಿಲ್ಲದ ಮುಖ, ಅರ್ಧ ಕೂದಲು, ಮೈ ತುಂಬ ಸೂಜಿ, ಅಲ್ಲಲ್ಲಿ ಕಂದು ಕಲೆ. ಕೆಳಗೆ ಬರೆದಿದ್ದರು: ‘ಮಾಟ ಮಾಡಿ ಇಟ್ಟವ್ರೆ. ಯಾರೂ ದಾಟಬೇಡಿ.’

ಅದರ ಕೆಳಗೆ ಒಂದರ ಮೇಲೊಂದು. ಕೂದಲು ಹೆಣದ್ದು ಅಂತ ಒಬ್ಬರು. ರಕ್ತ ಹಚ್ಚವ್ರೆ ಅಂತ ಇನ್ನೊಬ್ಬರು. ಇಂಥವನ್ನು ಯಾರು ಮಾಡುತ್ತಾರೆ ಅಂತ ಮತ್ತೊಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಊರಿಗೇ ಗೊತ್ತಿತ್ತು. ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸು ಒಬ್ಬಳೇ ಕೂತು ಮಕ್ಕಳ ಬೊಂಬೆ ಯಾಕೆ ಮಾಡುತ್ತಾಳೆ ಅಂತ ಯಾರೋ ಬರೆದದ್ದೇ ತಡ, ಎಲ್ಲರಿಗೂ ಹಳೆಯದೆಲ್ಲ ನೆನಪಾಯಿತು. ಯಾರದೋ ಗರ್ಭ ನಿಲ್ಲದ್ದು, ಯಾರದೋ ಹಸು ಸತ್ತದ್ದು.

‘ಅದು ನನ್ನ ಚೀಲದಿಂದ ಬಿದ್ದದ್ದು’ ಅಂತ ನಾಲ್ಕು ಪದ ಬರೆದರೆ ಮುಗಿದಿತ್ತು. ಬರೆದೆ ಕೂಡ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದೆ. ಈ ಟೀಚರ್ ಮಾಟದ ಬೊಂಬೆ ಇಟ್ಟುಕೊಂಡು ಓಡಾಡುತ್ತಾಳೆ ಅಂದರೆ ನಾಳೆಯಿಂದ ಒಂದು ಮಗುವೂ ಬರುವುದಿಲ್ಲ, ನನ್ನ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಹಾಲು ಉಕ್ಕಿ ಸ್ಟೌ ಆರಿತು. ಹಾಗೇ ನಿಂತಿದ್ದೆ.

ಒಂಬತ್ತು ಗಂಟೆಗೆ ಅಲ್ಲಿ ಜಾತ್ರೆಯಂಥ ಜನ. ಕೊಯ್ಲಿನ ಹೆಂಗಸರು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡೇ ದೂರ ನಿಂತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಲೆ ಚಚ್ಚಿಕೊಳ್ಳುತ್ತಿದ್ದರು. ಹಣ್ಣು ಗಿಡದಲ್ಲೇ ಒಣಗುತ್ತಿದೆ, ಒಬ್ಬರೂ ದಾರಿ ದಾಟುತ್ತಿಲ್ಲ, ಆ ಬೊಂಬೆಯನ್ನು ಎತ್ತಿ ಆಚೆ ಹಾಕಿ ಅಂದರೆ ಒಬ್ಬರೂ ಮುಟ್ಟುತ್ತಿಲ್ಲ. ಅವರೂ ಮುಟ್ಟುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಾನು ಗುಂಪಿನ ಹಿಂದೆ ನಿಂತೆ.

ಹೊಲಿಗೆಯಮ್ಮನನ್ನು ಕರೆತರಲು ಯಾರೋ ಹೋಗಿದ್ದರು. ಕರೆತರಬೇಕಾಗಿ ಬರಲಿಲ್ಲ, ಅವರೇ ಎದುರು ಬರುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆಯ ವಿಭೂತಿ ಹಸಿ ಹಸಿ ಇರುವಾಗಲೇ.

"ಅಮ್ಮಾ, ಇದು ನಿಮ್ದೇನಾ?" ರೈಟರ್ ಕೇಳಿದರು.

"ನಂದಲ್ದೆ ಇನ್ಯಾರ್ದು ರೈಟ್ರೇ? ಈ ಸೀಮೇಲಿ ಬೊಂಬೆ ಹೊಲಿಯೋಳು ಇನ್ಯಾವಳವ್ಳೆ?"

ಸೀದಾ ಹೋಗಿ ಬಗ್ಗಿ ಬೊಂಬೆಯನ್ನು ಎತ್ತಿಕೊಂಡರು. ಜನ ಹೋ ಅಂತ ಹಿಂದಕ್ಕೆ ಸರಿದರು. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿದಳು.

"ಆನೆ ಬಂದ್ರೆ ಪಟಾಕಿ ಹೊಡ್ದು ಓಡಿಸ್ತೀರ. ಬೊಂಬೆ ಬಂದ್ರೆ ನೀವೇ ಓಡ್ತೀರಲ್ರಯ್ಯ! ಏನಾಗೈತೆ ನಿಮಗೆ?"

"ರಕ್ತ ಹಚ್ಚೀರ ಅದಕ್ಕೆ" ಅಂತ ಹಿಂದಿನಿಂದ ಒಂದು ಗಂಡು ಗಂಟಲು.

ಹೊಲಿಗೆಯಮ್ಮ ಬೊಂಬೆ ಹಿಡಿದು ಕೊಯ್ಲಿನ ಹೆಂಗಸರ ಕಡೆಗೆ ನಡೆದರು. ಎಲ್ಲರ ಮುಂದಿದ್ದವಳು ಮೇಸ್ತ್ರಿಯ ಹೆಂಡತಿ. ಲೈನಿನಲ್ಲಿ ಅವಳ ಮಾತಿಗೆ ತೂಕ ಜಾಸ್ತಿ. ಅವಳ ಮೂಗಿನ ಹತ್ತಿರ ಬೊಂಬೆ ಹಿಡಿದರು.

"ಮೂಸು."

"ಬ್ಯಾಡ ಕಣಮ್ಮ..."

"ಮೂಸು ಅಂದೆ. ನಿನ್ನ ಬಾಣಂತನದಲ್ಲಿ ಕುಲಾವಿ ಹೊಲ್ದುಕೊಟ್ಟ ಕೈ ಇದು. ಮೂಸು."

ಅವಳು ಕಣ್ಣು ಮುಚ್ಚಿ ಮೂಸಿದಳು. ಹುಬ್ಬು ಗಂಟಾಯಿತು. ಇನ್ನೊಂದು ಸಲ ಮೂಸಿದಳು.

"ಕಾಪಿ" ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

"ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ."

"ಕಾಪಿ ಕಣ್ರೀ! ಕಾಪಿ ವಾಸ್ನೆ!"

"ಹುಟ್ಟಿದಾಗಿಂದ ಕಾಪಿ ಗಿಡದ ಬುಡದಲ್ಲೇ ಬಿದ್ದಿದೀರ. ಕೈ ಮೂಸಿದ್ರೆ ಕಾಪಿ, ಸೀರೆ ಮೂಸಿದ್ರೆ ಕಾಪಿ. ಕಾಪಿ ಕಲೆ ಯಾವ್ದು, ರಕ್ತದ ಕಲೆ ಯಾವ್ದು ಗೊತ್ತಾಗ್ಲಿಲ್ವಾ? ನಾಚಿಕೆ ಆಗಲ್ವೇನ್ರೇ?"

ಒಂದಿಬ್ಬರು ನಕ್ಕರು. ಹೊಲಿಗೆಯಮ್ಮ ನಗಲಿಲ್ಲ. ದಾರಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಸೂಜಿಗಳನ್ನು ಒಂದೊಂದೇ ಕಿತ್ತು ತುಟಿಯಲ್ಲಿ ಕಚ್ಚಿಕೊಳ್ಳತೊಡಗಿದರು. ಅದು ಅವರ ದಿನನಿತ್ಯದ ಕೆಲಸ. ನೋಡುತ್ತಿದ್ದವರ ಮೈ ಮಾತ್ರ ಝುಂ ಅಂತಿತ್ತು. ಹತ್ತಕ್ಕೆ ನಿಂತಿತು. ಬೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಇಲ್ಲ. ಆಗ ನೆಲದ ಮೇಲೆ ಮಂಡಿಯೂರಿ ಅಂಗೈಯಿಂದ ಹುಲ್ಲು ಸವರುತ್ತಾ ಹುಡುಕಲು ಶುರುಮಾಡಿದರು.

"ಏನು ಹುಡುಕ್ತಿದೀರಿ?" ರೈಟರ್‌ಗೆ ಗಾಬರಿ.

"ಒಂದು ಸೂಜಿ ಐತೆ ಇಲ್ಲಿ. ಲೈನ್ ಮಕ್ಳು ಬರಿಗಾಲಲ್ಲಿ ಓಡಾಡೋ ದಾರಿ ಇದು."

ಅಷ್ಟು ಜನ ಸೇರಿದ್ದರಲ್ಲ, ಮಕ್ಕಳ ಪಾದದ ಯೋಚನೆ ಬಂದದ್ದು ಅವರೊಬ್ಬರಿಗೆ. ಅದೇ ಮಕ್ಕಳ ಟೀಚರಾದ ನನಗೂ ಬಂದಿರಲಿಲ್ಲ. ಸುಮಾರು ಹೊತ್ತು ಸವರಿದರು. ಕೊನೆಗೆ ಅಂಗೈಗೆ ಚುಚ್ಚಿ ಸಿಕ್ಕಿತು. ರಕ್ತವನ್ನು ಸೀರೆಗೆ ಒರೆಸಿಕೊಂಡು ಎದ್ದರು.

ಆಗ ಮತ್ತೆ ಅದೇ ಗಂಡು ಗಂಟಲು. "ಕಾಪಿನೇ ಇರ್ಲಿ. ಮೂರು ದಾರಿ ಮಧ್ಯಕ್ಕೆ ತಂದು ಇಟ್ಟೋರ್ಯಾರು? ಬೊಂಬೆ ನಡ್ಕಂಡ್ ಬಂತಾ?"

ನ್ಯಾಯವಾದ ಪ್ರಶ್ನೆ. ಹೊಲಿಗೆಯಮ್ಮ ರೈಟರ್ ಕಡೆ ನೋಡಿದರು, ಮೇಸ್ತ್ರಿಯ ಹೆಂಡತಿಯ ಕಡೆ ನೋಡಿದರು, ಗುಂಪನ್ನೆಲ್ಲ ಒಂದು ಸುತ್ತು ನೋಡಿದರು. ನಾನಿದ್ದ ಕಡೆ ಮಾತ್ರ ನೋಡಲಿಲ್ಲ.

"ನನ್ನ ಕೈಯಿಂದ್ಲೇ ಬಿತ್ತು. ಬೊಂಬೆ ನಂದು, ಸೂಜಿ ನಂದು, ತಪ್ಪೂ ನಂದೇ. ಇನ್ನೇನಾಗ್ಬೇಕು?"

ಅಂದು ಸಂಜೆ ಅವರ ಜಗಲಿಗೆ ಹೋಗಿ ಗೋಳೋ ಅಂತ ಅತ್ತೆ. ನಾಳೆಯೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಅಂದೆ. ಅವರು ಅಂಗೈಗೆ ಅರಿಶಿನ ಮೆತ್ತಿಕೊಂಡು ಕೂತಿದ್ದರು.

"ಹೇಳಂಗಿದ್ರೆ ಅಲ್ಲೇ ಹೇಳ್ತಿದ್ರಿ. ಈಗ ಅಳ್ತಾ ಹೋಗಿ ಹೇಳಿದ್ರೆ ನಾನೇ ಹೇಳ್ಕೊಟ್ಟು ಕಳ್ಸಿದೀನಿ ಅಂತಾರೆ."

"ಮತ್ತೆ ನಿಮ್ಮ ಹೆಸರು?"

"ನನ್ನ ಹೆಸ್ರು ನಾನು ನೋಡ್ಕತೀನಿ. ನೀವು ಹೋಗಿ ಆ ಮಕ್ಳಿಗೆ ಮಧ್ಯಾಹ್ನ ಹೊಟ್ಟೆ ತುಂಬ ಹಾಕಿ. ನಿಮಗೆ ಯಾವತ್ತು ಧೈರ್ಯ ಬತ್ತದೋ ಆವತ್ತು ಹೇಳಿ. ನಾನು ನೆನಪು ಮಾಡಲ್ಲ."

ನೆನಪು ಮಾಡಲಿಲ್ಲ. ಐದು ವರ್ಷ ಒಂದು ಸಲವಾದರೂ ಮಾಡಬಾರದಾಗಿತ್ತಾ? ನಾನು ಹೇಳಲೂ ಇಲ್ಲ. ಮೊದಲು ಹೆದರಿಕೆಗೆ ಹೇಳಲಿಲ್ಲ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಅನ್ನುವ ಹೆದರಿಕೆಗೆ ಹೇಳಲಿಲ್ಲ. ಆರು ಬೊಂಬೆಗಳನ್ನು ಅಂಗನವಾಡಿಗೆ ತರುವ ಮುಖವೂ ಇರಲಿಲ್ಲ. ಅವರು ಆರನೆಯದಕ್ಕೂ ಕಣ್ಣಿಟ್ಟು, ಆರನ್ನೂ ಒಂದು ಹಲಗೆಯ ಮೇಲೆ ಬೇರೆ ಕೂರಿಸಿದರು. ಟೂರಿಸ್ಟುಗಳು ಬಂದು ಅವೇ ಬೇಕು ಅಂದರೆ "ಅವು ಅಂಗನವಾಡೀವು" ಅನ್ನುತ್ತಿದ್ದರು.

ಊರಿನವರು ಬ್ಲೌಸು ತರುವುದು ಕಮ್ಮಿಯಾಯಿತು. ಸೂಜಿ ಹಾಕುವಾಗ ಏನೋ ಮಂತ್ರ ಓದುತ್ತಾಳೆ ಅಂತ ಗುಸುಗುಸು. ಒಂದು ದಿನ ನಾನು ಅಲ್ಲೇ ಇದ್ದಾಗ ಊರಿನ ಇಬ್ಬರು ಹಿರಿಯರು ಬಂದು ಕೂತರು. ಒಳ್ಳೆಯ ಮಾತಿನಲ್ಲೇ ಹೇಳಿದರು.

"ನೋಡವ್ವ, ಈ ಬೊಂಬೆ ಗಿಂಬೆ ಬಿಟ್ಬುಡು. ಬ್ಲೌಸು ಲಂಗ ಹೊಲ್ಕಂಡು ನೆಮ್ಮದಿಯಾಗಿರು. ನಾಕು ದಿನಕ್ಕೆ ಜನ ಎಲ್ಲ ಮರ್ತುಬುಡ್ತಾರೆ."

"ಹಂಗಾದ್ರೆ ಬ್ಲೌಸು ಬಿಡ್ತೀನಿ."

"ಹಂಗಲ್ಲ ಕಣವ್ವ..."

"ಹಂಗೇ ಕಣಣ್ಣ. ಬೊಂಬೆ ಬಿಟ್ರೆ ನಾನು ಮಾಟ ಮಾಡಿದ್ದು ಹೌದು ಅಂತ ನಾನೇ ಒಪ್ಕಂಡಂಗಾಯ್ತು. ಒಪ್ಪಲ್ಲ. ಒಂದು ಹೊತ್ತು ಉಣ್ತೀನಿ, ಒಪ್ಪಲ್ಲ."

ಮಾರನೇ ದಿನವೇ ಮಿಷನ್ನನ್ನು ಗೋಡೆಯ ಬದಿಯಿಂದ ಎಳೆದು ಜಗಲಿಯ ತುದಿಗೆ, ರಸ್ತೆಗೆ ಮುಖಮಾಡಿ ಇಟ್ಟರು. ಟ್ರಂಕಿನಲ್ಲಿದ್ದ ಬೊಂಬೆಗಳನ್ನೆಲ್ಲ ತೆಗೆದು ಹಗ್ಗ ಕಟ್ಟಿ ಸಾಲಾಗಿ ತೂಗುಹಾಕಿದರು. ಲೈನಿಗೆ ಹೋಗುವವರು, ಕೊಯ್ಲಿಗೆ ಹೋಗುವವರು, ಜೀಪು, ಟ್ರ್ಯಾಕ್ಟರು, ಎಲ್ಲರೂ ಆ ಸಾಲಿನ ಮುಂದೆಯೇ ಹೋಗಬೇಕು. ಅದರ ಕೆಳಗೆ ಅವರು ಕೂತು, ಮೈಬಣ್ಣದ ಬಟ್ಟೆಗೆ ಚುಚ್ಚಿ ಚುಚ್ಚಿ ಸೂಜಿ ನಿಲ್ಲಿಸುತ್ತಿದ್ದರು, ಬೇಕೆಂತಲೇ ದೊಡ್ಡ ಕೈ ಮಾಡಿ. ಯಾರಾದರೂ ನಿಂತು ನೋಡಿದರೆ "ಬಾ, ಹತ್ರ ಬಂದ್ ನೋಡು, ಕಚ್ಚಲ್ಲ" ಅಂತ ಕೂಗುತ್ತಿದ್ದರು. ಹೀಗೆ ಐದು ವರ್ಷ, ಹಬ್ಬ ಹರಿದಿನ ಬಿಟ್ಟರೆ ಒಂದು ದಿನವೂ ಒಳಗೆ ಕೂತು ಹೊಲಿಯಲಿಲ್ಲ.

ಎಂಥ ಗಟ್ಟಿ ಜೀವ ಅಂತ ನಾನು ಅಂದುಕೊಳ್ಳುತ್ತಿದ್ದೆ. ಒಂದು ಸಲ ಮಾತ್ರ ಬೇರೆ ಥರ ಕಂಡರು. ಲೈನಿನಲ್ಲಿ ಒಂದು ಮಗುವಿನ ನಾಮಕರಣ, ಅವರಿಗೆ ಕರೆ ಬಂದಿರಲಿಲ್ಲ. ಅದಕ್ಕೆ ಮುಂಚೆ ಆ ದಾರಿಯಲ್ಲಿ ಹುಟ್ಟಿದ ಪ್ರತಿ ಮಗುವಿನ ಕುಲಾವಿಯೂ ಅವರದೇ. ಅವತ್ತು ನಾನು ಹೋದಾಗ ಮಿಷನ್ ಮುಂದೆ ಕೈಕಟ್ಟಿ ಕೂತಿದ್ದರು. ತುಟಿಯಲ್ಲಿ ಒಂದು ಸೂಜಿಯೂ ಇರಲಿಲ್ಲ.

"ಕುಲಾವಿ ಅಂಗಡೀಲಿ ತಂದವ್ರಂತೆ. ಅದು ಮಗೂಗೆ ಕೆರೆಯುತ್ತೆ, ನೈಲಾನು" ಅಂದರು. ಅಷ್ಟೇ ಅಂದದ್ದು. ಆಗಲಾದರೂ ಹೇಳಬೇಕಾಗಿತ್ತು. ಲೈನು ಇನ್ನೂರು ಹೆಜ್ಜೆ. ಹೋಗಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಅವರಿಗೆ ಎದೆನೋವು ಬಂತು. ಸಕಲೇಶಪುರದ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋಗುವ ದಾರಿಯಲ್ಲೇ ಜೀವ ಹೋಯಿತು. ಪಕ್ಕದಲ್ಲಿ ನಾನೇ ಇದ್ದೆ. ಅಮ್ಮಾ ಅಂತ ಕೂಗುತ್ತಿದ್ದೆ. ಕೊನೆಗೆ ಅವರು ಕೇಳಿದ್ದು ಬೆಳಿಗ್ಗೆ ನೆನೆಹಾಕಿದ ಬಟ್ಟೆ ಎತ್ತಿ ಒಣಹಾಕಿದಿರಾ ಅಂತ. ಹೂಂ ಅಂದೆ.

ವಿಭೂತಿ ಹಚ್ಚಿ ಕೂರಿಸಿ, ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಜನ ಪರವಾಗಿಲ್ಲ, ಬಂದರು. ಸತ್ತ ಮೇಲೆ ಬರಲು ಎಲ್ಲರಿಗೂ ಬಿಡುವಿರುತ್ತದೆ. ಮೂರನೇ ದಿನ ಹಾಲುತುಪ್ಪ. ಸಮಾಧಿಗೆ ಹೋಗಿ ಬಂದು ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಅಣ್ಣನ ಮಗ ಹಗ್ಗದಲ್ಲಿದ್ದ ಬೊಂಬೆಗಳನ್ನು ಕಿತ್ತು ಕಿತ್ತು ಅಂಗಳಕ್ಕೆ ಎಸೆಯಲು ಶುರುಮಾಡಿದ. ಹಲಗೆಯ ಮೇಲಿದ್ದ ಆರನ್ನೂ ತಂದು ರಾಶಿಗೆ ಹಾಕಿದ.

"ಇವನ್ನ ಮನೇಲಿ ಇಡಬಾರ್ದು. ಮೊದ್ಲೇ ಹಂಗೆ ಹಿಂಗೆ ಅಂತ ಮಾತು ಐತೆ. ಸುಟ್ಟಾಕ್ಬುಡೋದೇ ಒಳ್ಳೇದು" ಅಂದ. ಒಬ್ಬಿಬ್ಬರು ಹೌದೌದು ಅಂದರು. ಯಾರೋ ಬೆಂಕಿಪೊಟ್ಟಣ ಕೊಡಲು ಜೇಬಿಗೆ ಕೈ ಹಾಕಿದರು.

ನಾನು ಎದ್ದು ರಾಶಿಗೂ ಅವನಿಗೂ ನಡುವೆ ನಿಂತೆ. ಧೈರ್ಯ ಬಂತು ಅಂತ ಹೇಳಲಾರೆ. ಆದರೆ ಸಿಟ್ಟು ಬಂದಿತ್ತು. ಅವರ ಮೇಲಲ್ಲ, ನನ್ನ ಮೇಲೆ.

"ಆವತ್ತು ದಾರೀಲಿ ಬೊಂಬೆ ಬೀಳಿಸಿದ್ದು ನಾನು" ಅಂದೆ. "ಅವರು ಕೊಡಲ್ಲ ಅಂದ್ರು, ಹಟ ಮಾಡಿ ನಾನೇ ಇಸ್ಕೊಂಡೆ. ಆನೆ ಅಂತ ಓಡಿ ಬೀಳಿಸಿದೆ. ಬೆಳಿಗ್ಗೆ ನಿಮ್ಮ ಹಿಂದೆಯೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ. ಅವರು ನನ್ನನ್ನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ಈಗ ಇದಕ್ಕೆ ಬೆಂಕಿ ಹಚ್ಚೋದಿದ್ರೆ ಮೊದ್ಲು ನಂಗೆ ಹಚ್ಚಿ."

ಅಣ್ಣನ ಮಗ ಕೈಯಲ್ಲಿದ್ದ ಬೊಂಬೆಯನ್ನು ಮೆಲ್ಲಗೆ ಕೆಳಗಿಟ್ಟ. ಮೇಸ್ತ್ರಿಯ ಹೆಂಡತಿ ಜಗಲಿಯಿಂದ ಇಳಿದು ನನ್ನ ಎದುರಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ವಾಸಿಯಿತ್ತು.

"ನನ್ನ ಮೊಮ್ಮಗಳ ನಾಮಕರಣಕ್ಕೆ ಅವಮ್ಮನ್ನ ಕರೀಲಿಲ್ಲ ನಾ" ಅಂದಳು. "ವಾಸ್ನೆ ನೋಡಿದೋಳು ನಾನೇ, ಆದ್ರೂ ಕರೀಲಿಲ್ಲ. ಇಟ್ಟೋರ್ಯಾರು ಅನ್ನೋದೊಂದು ತಲೇಲಿ ಕೊರೀತಿತ್ತು. ನೀವು ಒಂದು ಮಾತು ಅಂದಿದ್ರೆ ಕರೀತಿದ್ದೆ ಟೀಚ್ರೇ. ಮೂರು ದಿನದ ಹಿಂದೆ ಅಂದಿದ್ರೂ ಓಡ್ಬಂದು ಕಾಲು ಹಿಡೀತಿದ್ದೆ. ಈಗ ಯಾರ ಕಾಲು ಹಿಡೀಲಿ ಹೇಳಿ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನೆಲದ ಮೇಲಿನ ಬೊಂಬೆಗಳ ಮಣ್ಣು ಕೊಡವತೊಡಗಿದಳು. ನಾನೂ ಕೂತೆ. ಇಬ್ಬರೂ ಸೇರಿ ಎಲ್ಲವನ್ನೂ ಬುಟ್ಟಿಗೆ ತುಂಬಿದೆವು. ಹಾಡಹಗಲಲ್ಲಿ, ಲೈನಿನ ಮುಂದೆಯೇ ಹಾದು ಬುಟ್ಟಿಯನ್ನು ಅಂಗನವಾಡಿಗೆ ಹೊತ್ತುಕೊಂಡು ಹೋದೆ.

ಆ ವಾರ ನಾಲ್ಕು ಮಕ್ಕಳು ಬರುವುದು ನಿಂತಿತು. ಎರಡು ವಾಪಸ್ ಬಂದವು, ಎರಡು ಬರಲಿಲ್ಲ. ಬೊಂಬೆ ತೆಗೆದುಬಿಡಿ ಅಂತ ಮೇಲಿನವರಿಂದಲೂ ಒಂದು ಮಾತು ಬಂತು. ತೆಗೆಯುವುದಿಲ್ಲ ಅಂದೆ, ಬೇಕಿದ್ದರೆ ಬರೆದು ಕೊಡುತ್ತೇನೆ ಅಂದೆ. ಮಕ್ಕಳು ಅವುಗಳ ಕತ್ತು ಹಿಡಿದು ಎಳೆದಾಡುತ್ತವೆ, ಎತ್ತಿ ಒಗೆಯುತ್ತವೆ, ಮಧ್ಯಾಹ್ನ ತಬ್ಬಿಕೊಂಡು ಮಲಗುತ್ತವೆ. ಇದುವರೆಗೆ ಒಂದರ ಹೊಲಿಗೆಯೂ ಬಿಟ್ಟಿಲ್ಲ.

ಮಗುವನ್ನು ಸೇರಿಸಲು ಹೊಸಬರು ಯಾರಾದರೂ ಬಂದರೆ, ಹೆಸರು ಬರೆದುಕೊಳ್ಳುವ ಮುಂಚೆ ಆ ತಾಯಿಯನ್ನು ಕೂರಿಸಿ ಹೊಲಿಗೆಯಮ್ಮನ ವಿಷಯ ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ಬೊಂಬೆ ಬೀಳಿಸಿದವಳು ನಾನು, ಸುಮ್ಮನಿದ್ದವಳೂ ನಾನು, ಐದು ವರ್ಷ ಆ ಮಾತು ಹೊತ್ತವರು ಅವರು ಅಂತ ಹೇಳುತ್ತೇನೆ. ಕೇಳಿದ ಮೇಲೂ ಮಗುವನ್ನು ನನ್ನ ಹತ್ತಿರ ಬಿಡುವವರು ಬಿಡಲಿ.